ರಿಪ್ಪನ್‌ಪೇಟೆಯ ಸಾಲುಗಳು

ಒಂದು ಡೇಟಾಬೇಸಿನಿಂದ ಇನ್ನೊಂದಕ್ಕೆ ಲಕ್ಷಗಟ್ಟಲೆ ಸಾಲುಗಳನ್ನು ಸಾಗಿಸುವ ಕೆಲಸ ನಿಧಾನವಾದಾಗ ಆ ನಿಧಾನದ ಮೂಲವನ್ನು ಹುಡುಕುವುದು ಗಣಕ ವೃತ್ತಿಯಲ್ಲಿ ಹೆಚ್ಚು ತಾಳ್ಮೆ ಬೇಡುವ ಕೆಲಸಗಳಲ್ಲೊಂದು. ಮಲೆನಾಡಿನಲ್ಲಿ ಈ ಹುಡುಕಾಟಕ್ಕೆ ಇನ್ನೊಂದು ತೊಡಕು ಇದ್ದೇ ಇರುತ್ತದೆ, ಏಕೆಂದರೆ ಇಲ್ಲಿ ಕಾರಣವೊಂದು ಮೊದಲೇ ಸಿದ್ಧವಾಗಿರುತ್ತದೆ. ಮಳೆಗಾಲ ಹಿಡಿಯಿತೆಂದರೆ ಕೊಂಬೆ ಮುರಿದು ತಂತಿಯ ಮೇಲೆ ಬೀಳುತ್ತದೆ, ಕರೆಂಟು ಹೋಗುತ್ತದೆ, ಟೆಲಿಫೋನು ಸತ್ತು ಕೂರುತ್ತದೆ. ಹೀಗಾಗಿ ಯಾವ ಕೆಲಸ ತಡವಾದರೂ ‘ಲೈನ್ ಸರಿ ಇಲ್ಲ’ ಎಂಬ ಮಾತು ಹೇಳುವವರಿಗೂ ಕೇಳುವವರಿಗೂ ಸಮಾಧಾನ ಕೊಡುತ್ತದೆ. ರಿಪ್ಪನ್‌ಪೇಟೆ, ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿಗಳ ಅಡಿಕೆ ಲೆಕ್ಕವನ್ನು ಒಂದೆಡೆ ಸೇರಿಸುವ ಕೆಲಸದಲ್ಲಿ ಈ ಲೇಖಕ ದುಡಿದ ಎರಡು ಮಳೆಗಾಲಗಳ ನೆನಪು ಬಹುಮಟ್ಟಿಗೆ ಆ ಮಾತಿನ ನೆನಪೇ ಆಗಿದೆ. ಆ ಮಾತು ಪೂರ್ತಿ ಸುಳ್ಳಾಗಿದ್ದರೆ ಬೇಗ ಬಯಲಾಗುತ್ತಿತ್ತು. ಅದರಲ್ಲಿ ಒಂದಿಷ್ಟು ನಿಜವೂ ಇದ್ದುದರಿಂದ ಅಸಲು ಕಾರಣ ತಿಂಗಳುಗಟ್ಟಲೆ ಅದರ ಹಿಂದೆ ಅಡಗಿ ಉಳಿಯಿತು.

ಸಂಬಂಧಾತ್ಮಕ ಡೇಟಾಬೇಸ್ ಎಂಬ ಕಲ್ಪನೆಯನ್ನು ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಮುಂದಿಟ್ಟರು. ಮಾಹಿತಿಯನ್ನೆಲ್ಲ ಸಾಲು ಮತ್ತು ಕಾಲಂಗಳಿರುವ ಕೋಷ್ಟಕಗಳಲ್ಲಿ ಇಡುವುದು, ಒಂದು ಕೋಷ್ಟಕಕ್ಕೂ ಇನ್ನೊಂದಕ್ಕೂ ಇರುವ ನಂಟನ್ನು ಎರಡರಲ್ಲೂ ದಾಖಲಾಗಿರುವ ಒಂದೇ ಸಂಖ್ಯೆ ಅಥವಾ ಹೆಸರಿನ ಮೂಲಕ ಗುರುತಿಸುವುದು, ಇದು ಅದರ ಸಾರ. ಪಹಣಿಯನ್ನು ಓದಿ ಬಲ್ಲ ಕನ್ನಡ ರೈತನಿಗೆ ಇದು ಹೊಸದೇನೂ ಅಲ್ಲ. ಸರ್ವೆ ನಂಬರು, ಹಿಸ್ಸಾ, 9ನೇ ಕಾಲಂನಲ್ಲಿ ಕಬ್ಜೆದಾರರ ಹೆಸರು, 11ನೇ ಕಾಲಂನಲ್ಲಿ ಇತರ ಹಕ್ಕು ಮತ್ತು ಋಣ ಎಂದು ಬರೆದಿಟ್ಟ ಆ ಹಾಳೆ ಒಂದು ಕೋಷ್ಟಕವೇ. ಅದರಲ್ಲಿರುವ ಸರ್ವೆ ನಂಬರನ್ನು ಹಿಡಿದು ಸರ್ವೆ ನಕ್ಷೆಗೆ ಹೋಗುವುದು, ಮ್ಯುಟೇಶನ್ ಸಂಖ್ಯೆಯನ್ನು ಹಿಡಿದು ಹಕ್ಕು ಬದಲಾವಣೆಯ ವಹಿಗೆ ಹೋಗುವುದು, ಇವೆಲ್ಲ ಕಾಡ್ ಹೇಳಿದ ನಂಟುಗಳೇ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ಕರ್ನಾಟಕದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು, 67 ಲಕ್ಷದಷ್ಟು ಭೂಹಿಡುವಳಿದಾರರ ವಿವರಗಳೊಂದಿಗೆ ಗಣಕಕ್ಕೆ ಏರಿದಾಗ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಮುದ್ರಿತ ಪಹಣಿ ಪಡೆದ ಹೊಸನಗರ, ಸಾಗರದ ಜನ ತಮ್ಮ ಹೊಲಗದ್ದೆ ಒಂದು ಕೋಷ್ಟಕದ ಸಾಲಾಗಿ ಬದಲಾಗಿರುವುದನ್ನು ಮೊದಲ ಸಲ ಕಣ್ಣಾರೆ ಕಂಡರು. ಆರಂಭದಲ್ಲಿ ಆ ದಾಖಲೆಗಳು ಆಯಾ ತಾಲ್ಲೂಕಿನ ಗಣಕದಲ್ಲೇ ಇದ್ದವು. ಮುಂದೆ ಅವು ರಾಜ್ಯದ ಕೇಂದ್ರ ವ್ಯವಸ್ಥೆಯನ್ನು ಸೇರಿದವು. ಊರೂರಿನಲ್ಲಿ ಚದುರಿರುವ ಕೋಷ್ಟಕಗಳನ್ನು ಒಂದೆಡೆಗೆ ತರುವ ಈ ಕೆಲಸ ಸರ್ಕಾರಕ್ಕೆ ಮಾತ್ರ ಬಂದದ್ದಲ್ಲ. ಬ್ಯಾಂಕುಗಳು, ಸಹಕಾರ ಸಂಘಗಳು, ವಿದ್ಯುತ್ ಬಿಲ್ಲಿನ ಕಚೇರಿಗಳು, ಹೀಗೆ ಲೆಕ್ಕ ಇಡುವ ಪ್ರತಿಯೊಬ್ಬರೂ ಆ ಹತ್ತು ಹದಿನೈದು ವರ್ಷಗಳಲ್ಲಿ ಇದೇ ಹಾದಿಯನ್ನು ತುಳಿಯಬೇಕಾಯಿತು.

ರಿಪ್ಪನ್‌ಪೇಟೆ ಹೊಸನಗರ ತಾಲ್ಲೂಕಿಗೆ ಸೇರಿದ ಊರು. ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿ, ಈ ನಾಲ್ಕೂ ಕಡೆಯ ರಸ್ತೆಗಳು ಇಲ್ಲಿ ಸೇರುತ್ತವೆಯಾದ್ದರಿಂದ ಬಸ್ಸು ಬದಲಿಸುವವರ ಊರಾಗಿಯೇ ಅದು ಹೊರಗಿನವರಿಗೆ ಪರಿಚಿತ. ಒಂದು ಬದಿಗೆ ಹುಂಚದ ಬಸದಿಗಳು, ಇನ್ನೊಂದು ಬದಿಗೆ ‘ಮಾಲ್ಗುಡಿ ಡೇಸ್’ ಧಾರಾವಾಹಿಯಿಂದ ಹೆಸರಾದ ಅರಸಾಳು ರೈಲು ನಿಲ್ದಾಣ, ನಡುವೆ ಭತ್ತದ ಗದ್ದೆ, ಅಡಿಕೆ ತೋಟ, ಈಚೆಗೆ ಶುಂಠಿ. ಊರಿನ ಹೆಸರು 1880ರಿಂದ 1884ರವರೆಗೆ ಭಾರತದ ವೈಸರಾಯ್ ಆಗಿದ್ದ ಲಾರ್ಡ್ ರಿಪ್ಪನ್‌ನಿಂದ ಬಂದದ್ದು. ಪರಭಾಷೆಯ ಆ ಹೆಸರಿಗೆ ಕನ್ನಡದ ‘ಪೇಟೆ’ ಸೇರಿಕೊಂಡು ನಡುವೆ ಅರ್ಧಾಕ್ಷರದ ‘ನ್’ ಉಳಿಯಿತು. ಈ ಅರ್ಧಾಕ್ಷರವೇ ಮುಂದೆ ಈ ಕಥನದ ಕೇಂದ್ರಕ್ಕೆ ಬರಲಿದೆ.

ಕೆಲಸವಿದ್ದದ್ದು ಸದಸ್ಯರ ಅಡಿಕೆಯನ್ನು ಪಡೆದು, ತೂಗಿ, ಲಾಟು ಮಾಡಿ ಮಾರಾಟಕ್ಕೆ ಇಡುವ ಒಂದು ಸಂಸ್ಥೆಯಲ್ಲಿ. ಅದರ ಹೆಸರು ಇಲ್ಲಿ ಮುಖ್ಯವಲ್ಲ. ರಿಪ್ಪನ್‌ಪೇಟೆ, ಸಾಗರ, ಹೊಸನಗರ, ತೀರ್ಥಹಳ್ಳಿ, ಈ ನಾಲ್ಕೂ ಊರುಗಳಲ್ಲಿ ಅದರ ಖರೀದಿ ಕೇಂದ್ರಗಳಿದ್ದವು, ಪ್ರತಿ ಕೇಂದ್ರದಲ್ಲೂ ಒಂದೊಂದು ಗಣಕ, ಅದರಲ್ಲಿ ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್. ಸದಸ್ಯರ ಸಂಖ್ಯೆ, ಸರಕು ಬಂದ ಜಾಗ, ಲಾಟಿನ ಸಂಖ್ಯೆ, ಚೀಲ, ತೂಕ, ಮತ್ತು ರಾಶಿ, ಬೆಟ್ಟೆ, ಗೊರಬಲು, ಚಾಲಿ, ಸಿಪ್ಪೆಗೋಟು ಎಂಬ ವರ್ಗ, ಇಷ್ಟು ವಿವರ ಪ್ರತಿ ಸಾಲಿನಲ್ಲೂ ಇರುತ್ತಿತ್ತು. ಹಲವು ವರ್ಷಗಳ ಈ ಸಾಲುಗಳು ಸಾಗರದಲ್ಲಿ ಸುಮಾರು 9 ಲಕ್ಷ, ತೀರ್ಥಹಳ್ಳಿಯಲ್ಲಿ 7 ಲಕ್ಷ, ಹೊಸನಗರದಲ್ಲಿ 4 ಲಕ್ಷ, ರಿಪ್ಪನ್‌ಪೇಟೆಯಲ್ಲಿ 3 ಲಕ್ಷದಷ್ಟಿದ್ದವು. ಇವನ್ನೆಲ್ಲ ಜಿಲ್ಲಾ ಕೇಂದ್ರದಲ್ಲಿ ಹೊಸದಾಗಿ ಸ್ಥಾಪಿಸಿದ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಸಾಗಿಸಬೇಕಿತ್ತು. ಲೆಕ್ಕದಲ್ಲಿ ತಪ್ಪು ಸಿಕ್ಕಿದಾಗಲೆಲ್ಲ ಇಡೀ ಸಾಗಣೆಯನ್ನು ಮತ್ತೆ ಮೊದಲಿನಿಂದ ನಡೆಸಬೇಕಾಗುತ್ತಿದ್ದುದರಿಂದ ಅದು ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಪ್ರಶ್ನೆ ಬಹಳ ದೊಡ್ಡದಾಗಿತ್ತು. ಸಾಗರದ ಸಾಗಣೆಗೆ ಸಂಜೆ 7ರಿಂದ ಬೆಳಗಿನ 7ರವರೆಗೆ ಬೇಕಾಗುತ್ತಿತ್ತು. ಅಷ್ಟರಲ್ಲಿ ಒಮ್ಮೆ ಕರೆಂಟು ಹೋಗಿ ಯುಪಿಎಸ್ ಬಸವಳಿದರೆ ಆ ರಾತ್ರಿಯ ದುಡಿಮೆ ನೀರುಪಾಲು.

ರಿಪ್ಪನ್‌ಪೇಟೆ ಕೇಂದ್ರದ ಹಿರಿಯ ಗುಮಾಸ್ತರೊಬ್ಬರು ಇದಕ್ಕೆಲ್ಲ ಒಂದು ವಹಿ ಇಟ್ಟಿದ್ದರು. ದಿನಾಂಕ, ಕೇಂದ್ರ, ಸಾಲುಗಳ ಸಂಖ್ಯೆ, ಶುರುವಾದ ಹೊತ್ತು, ಮುಗಿದ ಹೊತ್ತು, ಕೊನೆಗೆ ಷರಾ ಎಂದು ಕೈಯಲ್ಲೇ ಗೆರೆ ಎಳೆದು ಕಾಲಂ ಮಾಡಿದ್ದ ಉದ್ದನೆಯ ಪುಸ್ತಕ ಅದು. ಅವರಿಗೆ ಗಣಕದ ಒಳಗುಟ್ಟು ಗೊತ್ತಿರಲಿಲ್ಲ, ಆದರೆ ಮಂಡಿಯಲ್ಲಿ ದಶಕಗಟ್ಟಲೆ ತೂಕದ ಲೆಕ್ಕ ಬರೆದ ಶಿಸ್ತು ಇತ್ತು. ನಿಧಾನವೆಂಬುದನ್ನು ದೂರಾಗಿ ಹೇಳದೆ ಅಂಕಿಯಾಗಿ ಬರೆದಿಟ್ಟ ಆ ಪುಸ್ತಕ ಇಲ್ಲದಿದ್ದರೆ ಮುಂದಿನ ಯಾವ ಶೋಧವೂ ಸಾಧ್ಯವಾಗುತ್ತಿರಲಿಲ್ಲ ಎಂದು ಈ ಲೇಖಕ ಇಂದಿಗೂ ನಂಬುತ್ತಾನೆ. ಅದರ ಷರಾ ಕಾಲಂನಲ್ಲಿ ಪುಟದಿಂದ ಪುಟಕ್ಕೆ ಎರಡೇ ಪದಗಳು ಮರಳಿ ಮರಳಿ ಬರುತ್ತಿದ್ದವು: ‘ಲೈನ್ ನಿಧಾನ’.

ಲೈನಿನ ಮೇಲಿನ ಈ ಆರೋಪವನ್ನು ಪರೀಕ್ಷಿಸುವುದು ಕಷ್ಟದ ಕೆಲಸವೇನಲ್ಲ. ಸಾಗರದ 9 ಲಕ್ಷ ಸಾಲುಗಳು, ಸಾಲೊಂದಕ್ಕೆ ಸರಾಸರಿ 200 ಬೈಟಿನಂತೆ, ಒಟ್ಟು 18 ಕೋಟಿ ಬೈಟು. ಸೆಕೆಂಡಿಗೆ 2 ಮೆಗಾಬಿಟ್ ಹರಿಯುವ ಲೈನು ಸೆಕೆಂಡಿಗೆ ಎರಡೂವರೆ ಲಕ್ಷ ಬೈಟು ಒಯ್ಯಬಲ್ಲದಾದ್ದರಿಂದ ಇಷ್ಟಕ್ಕೆ ಬೇಕಾದ ಕಾಲ 720 ಸೆಕೆಂಡು, ಅಂದರೆ 12 ನಿಮಿಷ. ಅದೇ ಕೋಷ್ಟಕವನ್ನು ಸಾದಾ ಕಡತವಾಗಿ ಬರೆದು ಅದೇ ಲೈನಿನ ಮೇಲೆ, ಅದೇ ಮಳೆಯಲ್ಲಿ ಕಳಿಸಿ ನೋಡಿದಾಗ 13 ನಿಮಿಷಕ್ಕೆ ತಲುಪಿತು. ಹಾಗಾದರೆ 12 ಗಂಟೆಯ ರಾತ್ರಿಯಲ್ಲಿ ಲೈನಿನ ಪಾಲು ಕಾಲು ಗಂಟೆಯೂ ಅಲ್ಲ. ಉಳಿದ ಹೊತ್ತು ಬೇರೆಲ್ಲೋ ಕಳೆದುಹೋಗುತ್ತಿತ್ತು. ಸಾಗಣೆ ನಿಧಾನವೆಂಬ ದೂರು ಬಂದಾಗ ಮೊದಲು ಮಾಡಬೇಕಾದ ಪರೀಕ್ಷೆ ಇದೇ ಆಗಿದ್ದರೂ, ಯಾರೂ ಅದನ್ನು ಮೊದಲು ಮಾಡುವುದಿಲ್ಲ. ಈ ಲೇಖಕನೂ ಆರು ವಾರ ಮಾಡಿರಲಿಲ್ಲ.

ಕಳೆದುಹೋದ ಹೊತ್ತಿನ ಬಹುಪಾಲು ಹೋಗಿಬರುವುದರಲ್ಲಿ ಖರ್ಚಾಗುತ್ತಿತ್ತು. ಸಾಗಿಸುವ ಪ್ರೋಗ್ರಾಮು ಒಂದು ಸಾಲನ್ನು ಕಳಿಸಿ, ಆ ಕಡೆಯಿಂದ ‘ಸೇರಿತು’ ಎಂಬ ಉತ್ತರ ಬರುವವರೆಗೆ ಕಾದು, ಆಮೇಲೆ ಎರಡನೆಯದನ್ನು ಕಳಿಸುತ್ತಿತ್ತು. ಹೋಗಿಬರುವುದಕ್ಕೆ 40 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗ; ಕಣ್ಣು ಮಿಟುಕಿಸುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಆದರೆ 9 ಲಕ್ಷ ಸಲ ಕಾದರೆ ಅದು 36,000 ಸೆಕೆಂಡು, ಸರಿಯಾಗಿ ಹತ್ತು ಗಂಟೆ. ಅಡಿಕೆ ತೋಟದ ಕೊನೆ ಕೊಯ್ಲನ್ನು ನೋಡಿದವರಿಗೆ ಈ ತಪ್ಪು ಕೂಡಲೇ ಹೊಳೆಯುತ್ತದೆ. ಕೊನೆಗೌಡ ಒಂದು ಕೊನೆ ಕೊಯ್ದು, ಅದನ್ನು ಹಿಡಿದುಕೊಂಡು ಮರದಿಂದ ಇಳಿದು, ಕೆಳಗಿಟ್ಟು, ಮತ್ತೆ ಹತ್ತುವುದಿಲ್ಲ. ಕೊನೆಯನ್ನು ಹಗ್ಗದ ಮೇಲೆ ಜಾರಿಬಿಡುತ್ತಾನೆ, ಕೆಳಗೆ ಹಗ್ಗ ಹಿಡಿದವನು ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಇವನು ಮರವನ್ನು ಬಾಗಿಸಿ ಪಕ್ಕದ ಮರಕ್ಕೆ ದಾಟಿರುತ್ತಾನೆ. ಸಾಲುಗಳನ್ನೂ ಹಾಗೆಯೇ ಸಾವಿರ ಸಾವಿರದ ಕಟ್ಟು ಮಾಡಿ ಕಳಿಸಿದರೆ 9 ಲಕ್ಷ ಸಲ ಕಾಯುವ ಬದಲು 900 ಸಲ ಕಾದರೆ ಸಾಕು, ಅಂದರೆ 36 ಸೆಕೆಂಡು. ಉಪಗ್ರಹದ ಮೂಲಕ ಸಂಪರ್ಕ ಪಡೆಯುವ ಕಾಡಂಚಿನ ಕಚೇರಿಗಳಲ್ಲಿ ಈ ಕಾಯುವಿಕೆ ಇನ್ನೂ ಘೋರವಾಗುತ್ತದೆ: ಭೂಸ್ಥಿರ ಉಪಗ್ರಹ 35,786 ಕಿಲೋಮೀಟರ್ ಮೇಲಿರುವುದರಿಂದ ಪ್ರಶ್ನೆ ಹೋಗಿ ಉತ್ತರ ಬರುವುದಕ್ಕೆ ಅರ್ಧ ಸೆಕೆಂಡಿನ ಆಸುಪಾಸು ಹಿಡಿಯುತ್ತದೆ, ಬೆಳಕಿನ ವೇಗವನ್ನು ಹೆಚ್ಚಿಸುವ ಉಪಾಯ ಯಾರಲ್ಲೂ ಇಲ್ಲ.

ಎರಡನೆಯ ಖರ್ಚು ‘ಕಮಿಟ್’ ಎಂಬುದರದ್ದು. ಸೇರಿಸಿದ ಸಾಲನ್ನು ಕಾಯಂ ಮಾಡುವ ಆಜ್ಞೆಗೆ ಈ ಹೆಸರು. ಕರೆಂಟು ಹೋದರೂ ಆ ಸಾಲು ಅಳಿಯಬಾರದು ಎಂಬ ಕಾರಣಕ್ಕೆ ಡೇಟಾಬೇಸು ಪ್ರತಿ ಕಮಿಟ್‌ಗೂ ತನ್ನ ದಿನಚರಿ ಕಡತವನ್ನು ಡಿಸ್ಕಿಗೆ ಬರೆದು, ಬರೆದದ್ದು ಖಚಿತವಾದ ಮೇಲೆಯೇ ಮುಂದುವರಿಯುತ್ತದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕಿನಲ್ಲಿ ಒಂದು ಸುತ್ತಿಗೆ 8.33 ಮಿಲಿಸೆಕೆಂಡು ಬೇಕು. ಸಾಲಿಗೊಂದು ಕಮಿಟ್ ಎಂದಾದರೆ 9 ಲಕ್ಷಕ್ಕೆ ಎರಡು ಗಂಟೆಗೂ ಮಿಕ್ಕಿ ಕಾಲ ಇದೊಂದಕ್ಕೇ ಹೋಗುತ್ತದೆ. ಹತ್ತು ಗಂಟೆಗೆ ಎರಡು ಗಂಟೆ ಸೇರಿಸಿದರೆ ವಹಿಯಲ್ಲಿದ್ದ ಆ ಹನ್ನೆರಡು ಗಂಟೆಯ ಲೆಕ್ಕ ಹೆಚ್ಚುಕಮ್ಮಿ ತಾಳೆಯಾಯಿತು. ಕಟ್ಟಿಗೊಂದು ಕಮಿಟ್ ಎಂದು ಬದಲಿಸುವುದಕ್ಕೆ ಪ್ರೋಗ್ರಾಮಿನಲ್ಲಿ ತಿದ್ದಬೇಕಾದದ್ದು ಬೆರಳೆಣಿಕೆಯ ಸಾಲುಗಳನ್ನು ಮಾತ್ರ.

ಓದುವ ಬದಿಯಲ್ಲೂ ಒಂದು ಸೋರಿಕೆ ಇತ್ತು. ಹಳೆಯ ಕೋಷ್ಟಕದಲ್ಲಿ ಸದಸ್ಯರ ಸಂಖ್ಯೆಯನ್ನು ಒಂದು ಬೈಟಿನ ಅಕ್ಷರಗಳಲ್ಲಿ ಬರೆದಿಟ್ಟಿದ್ದರು, ಆದರೆ ಜಾವಾ ಭಾಷೆಯ ಪ್ರೋಗ್ರಾಮು ಅದನ್ನು ಯೂನಿಕೋಡ್ ಅಕ್ಷರಗಳಲ್ಲಿ ಕೇಳುತ್ತಿತ್ತು. ಮನುಷ್ಯರ ಕಣ್ಣಿಗೆ ಎರಡೂ ಒಂದೇ. ಎಸ್‌ಕ್ಯೂಎಲ್ ಸರ್ವರ್ ಮಾತ್ರ, ಕೆಲವು ಹೋಲಿಕೆ ನಿಯಮಗಳಡಿ, ಕೋಷ್ಟಕದಲ್ಲಿರುವ ಪ್ರತಿ ಸಂಖ್ಯೆಯನ್ನೂ ಯೂನಿಕೋಡಿಗೆ ಬದಲಿಸಿಯೇ ಹೋಲಿಸಬೇಕಾದ ಇಕ್ಕಟ್ಟಿಗೆ ಸಿಲುಕುತ್ತದೆ. ಆಗ ಸೂಚಿ ಇದ್ದೂ ಇಲ್ಲದಂತಾಗುತ್ತದೆ. ಸೂಚಿ ಎಂದರೆ ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂತಹುದು, ಅದಿದ್ದರೆ ಬೇಕಾದ ಪುಟವನ್ನು ನೇರವಾಗಿ ತೆರೆಯಬಹುದು. ಅದನ್ನು ಬಳಸಲಾಗದೆ ಪ್ರತಿ ಸದಸ್ಯನಿಗೂ ಇಡೀ ಕೋಷ್ಟಕವನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಿದ್ದ ಆ ಗಣಕದ ಫ್ಯಾನು ರಾತ್ರಿಯಿಡೀ ಮೊರೆಯುತ್ತಿತ್ತು. ಸಂಪರ್ಕದ ಚಾಲಕ ತಂತ್ರಾಂಶಕ್ಕೆ ಒಂದು ಸೂಚನೆ ಕೊಟ್ಟಿದ್ದಷ್ಟೇ ಪರಿಹಾರ. ಫ್ಯಾನಿನ ಸದ್ದು ಇಳಿದದ್ದನ್ನು ಮೊದಲು ಗಮನಿಸಿದವರು ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದ ಕಾವಲುಗಾರರು.

ತೀರ್ಥಹಳ್ಳಿಯ ಸಾಗಣೆಯಲ್ಲಿ ಕಂಡ ನಿಧಾನ ಇವೆಲ್ಲಕ್ಕಿಂತ ಬೇರೆ ಬಗೆಯದು, ಮತ್ತು ಅದರಿಂದ ಕಲಿತದ್ದೂ ಹೆಚ್ಚು. ಮೊದಲ 50,000 ಸಾಲುಗಳು 2 ನಿಮಿಷದಲ್ಲಿ ಸೇರಿದವು, ಮುಂದಿನ 50,000ಕ್ಕೆ 6 ನಿಮಿಷ ಬೇಕಾಯಿತು, ಅದರ ಮುಂದಿನದಕ್ಕೆ 10, ಆಮೇಲೆ 14. ಲೈನಿನ ತೊಂದರೆಯಾಗಿದ್ದರೆ ಹೊತ್ತು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿರಲಿಲ್ಲ. ಗುಮಾಸ್ತರ ವಹಿಯ ಮಾದರಿಯಲ್ಲಿ ಕಟ್ಟು ಕಟ್ಟಿಗೂ ಹೊತ್ತು ಬರೆದಿಟ್ಟದ್ದರಿಂದ ಮಾತ್ರ ಇದು ಕಣ್ಣಿಗೆ ಬಿತ್ತು. ಒಟ್ಟು ಕಾಲವನ್ನಷ್ಟೇ ನೋಡುವವನಿಗೆ ಎಲ್ಲ ನಿಧಾನವೂ ಒಂದೇ ಆಗಿ ಕಾಣುತ್ತದೆ. ಮೊದಲಿನಿಂದ ಕೊನೆಯವರೆಗೆ ಒಂದೇ ಸಮ ನಿಧಾನವಾಗಿದ್ದರೆ ಹೋಗಿಬರುವುದನ್ನೋ ಕಮಿಟನ್ನೋ ಶಂಕಿಸಬೇಕು, ಹೋಗುತ್ತಾ ಹೋಗುತ್ತಾ ಭಾರವಾದರೆ ಸೇರಿದ ಸಾಲುಗಳೇ ಮುಂದಿನ ಸಾಲುಗಳಿಗೆ ಅಡ್ಡ ಬರುತ್ತಿವೆ ಎಂದು ತಿಳಿಯಬೇಕು, ಚೆನ್ನಾಗಿ ಓಡುತ್ತಿದ್ದುದು ಗಕ್ಕನೆ ನಿಂತರೆ ಯಾರೋ ಕೋಷ್ಟಕಕ್ಕೆ ಬೀಗ ಹಾಕಿ ಕೂತಿದ್ದಾರೆಯೇ, ಡಿಸ್ಕಿನಲ್ಲಿ ಜಾಗ ಮುಗಿದಿದೆಯೇ ಎಂದು ನೋಡಬೇಕು. ತೀರ್ಥಹಳ್ಳಿಯ ವಿಷಯದಲ್ಲಿ ತಪ್ಪು ಈ ಲೇಖಕನದೇ ಆಗಿತ್ತು. ಸಾಲು ಸೇರಿಸುವಾಗ ಸೂಚಿಗಳನ್ನೂ ಜೊತೆಜೊತೆಗೆ ತಿದ್ದುತ್ತಾ ಹೋಗುವುದು ದುಬಾರಿ, ಆದ್ದರಿಂದ ಮೊದಲು ಸೂಚಿಗಳನ್ನು ತೆಗೆದುಹಾಕಿ, ಸಾಲುಗಳನ್ನೆಲ್ಲ ತುಂಬಿ, ಕೊನೆಗೊಮ್ಮೆ ಹೊಸದಾಗಿ ಕಟ್ಟಬೇಕು ಎಂಬುದು ಸರಿಯಾದ ಸಲಹೆಯೇ. ಆದರೆ ಪ್ರೋಗ್ರಾಮು ಪ್ರತಿ ಸಾಲನ್ನು ಸೇರಿಸುವ ಮೊದಲು ‘ಈ ಲಾಟು ಮೊದಲೇ ಬಂದಿದೆಯೇ’ ಎಂದು ನೋಡುತ್ತಿತ್ತು, ಆ ನೋಟಕ್ಕೆ ಬೇಕಿದ್ದ ಸೂಚಿಯೇ ತೆಗೆದುಹಾಕಿದವುಗಳಲ್ಲಿ ಒಂದಾಗಿತ್ತು. ಕೋಷ್ಟಕ ಬೆಳೆದಷ್ಟೂ ಹುಡುಕಾಟ ಬೆಳೆಯಿತು. ಆ ಒಂದು ಸೂಚಿಯನ್ನು ಮರಳಿ ಇಟ್ಟು ಉಳಿದವನ್ನು ಕೊನೆಗೆ ಕಟ್ಟಿದಾಗ ತೀರ್ಥಹಳ್ಳಿಯ 7 ಲಕ್ಷವೂ ಅರ್ಧ ಗಂಟೆಯೊಳಗೆ ಬಂದು ಸೇರಿದವು.

ಈ ನಡುವೆ ಸಾಗರದ ದಾಖಲೆಗಳು ಒಮ್ಮೆ ಬಸ್ಸಿನಲ್ಲೂ ಬಂದವು. ಲೈನು ಮೂರು ದಿನ ನಿಜವಾಗಿಯೇ ಸತ್ತಿದ್ದಾಗ ಹಾರ್ಡ್ ಡಿಸ್ಕೊಂದನ್ನು ಎರಡು ಸುತ್ತು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಟವೆಲ್ಲಿನೊಳಗಿಟ್ಟು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಶಿವಮೊಗ್ಗಕ್ಕೆ ತರಲಾಯಿತು. ಇದರಲ್ಲಿ ನಾಚಿಕೆಪಡುವಂತಹುದೇನೂ ಇರಲಿಲ್ಲ. ಡೇಟಾಬೇಸ್ ವಹಿವಾಟುಗಳ ಕುರಿತ ಸಂಶೋಧನೆಗಾಗಿ 1998ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದ ಜಿಮ್ ಗ್ರೇ ಅವರೇ 2002ರಲ್ಲಿ ಸಂಗಡಿಗರೊಂದಿಗೆ ಬರೆದ ಪ್ರಬಂಧವೊಂದರಲ್ಲಿ, ದತ್ತಾಂಶ ಬಹಳವಿದ್ದಾಗ ಡಿಸ್ಕುಗಳನ್ನೇ ಪಾರ್ಸೆಲ್ ಮಾಡಿ ಕಳಿಸುವುದು ಲೈನಿನ ಮೇಲೆ ಕಳಿಸುವುದಕ್ಕಿಂತ ಅಗ್ಗ ಎಂದು ಲೆಕ್ಕ ಹಾಕಿ ತೋರಿಸಿದ್ದರು.

ಇಷ್ಟೆಲ್ಲ ಆದ ಮೇಲೆ ಉಳಿದದ್ದು ರಿಪ್ಪನ್‌ಪೇಟೆ. ಸಾಗರದ 9 ಲಕ್ಷ ಸಾಲುಗಳು 40 ನಿಮಿಷಕ್ಕೆ ಇಳಿದವು, ಹೊಸನಗರದ್ದು 20 ನಿಮಿಷವೂ ಹಿಡಿಯಲಿಲ್ಲ, ಎಲ್ಲಕ್ಕಿಂತ ಚಿಕ್ಕದಾದ ರಿಪ್ಪನ್‌ಪೇಟೆಯ 3 ಲಕ್ಷ ಸಾಲುಗಳಿಗೆ ಮಾತ್ರ ಸುಮಾರು ಆರು ಗಂಟೆ ಬೇಕಾಗುತ್ತಲೇ ಇತ್ತು. ಮೊದಲೆಲ್ಲ ಎಲ್ಲ ಕೇಂದ್ರಗಳೂ ನಿಧಾನವಾಗಿದ್ದುದರಿಂದ ಇದೊಂದು ವಿಶೇಷವಾಗಿ ಕಂಡಿರಲಿಲ್ಲ; ಉಳಿದವು ಚುರುಕಾದ ಮೇಲೆ ಇದರ ನಿಧಾನ ಬೆತ್ತಲಾಗಿ ನಿಂತಿತು. ಜಿಲ್ಲಾ ಕೇಂದ್ರದಲ್ಲಿ ಕೂತವರು ಹಳೆಯ ಮಾತನ್ನೇ ಹೇಳಿದರು, ಆ ಊರಿನ ಲೈನೇ ಹಾಗೆ, ಮಳೆ ನಿಲ್ಲಲಿ ನೋಡೋಣ ಎಂದು. ಈ ಲೇಖಕನೂ ಅರೆಮನಸ್ಸಿನಿಂದ ಒಪ್ಪಿದ್ದ. ಒಪ್ಪದೆ ಉಳಿದವರು ಗುಮಾಸ್ತರೊಬ್ಬರೇ. ವಹಿಯ ಎರಡು ಪುಟಗಳನ್ನು ಅಕ್ಕಪಕ್ಕ ಹಿಡಿದು ಅವರು ಕೇಳಿದ್ದು ಇಷ್ಟು: “ಸಾಗರದ್ದು ಪೂರಾ ಬಂದು ಕೂತಾಯ್ತು. ಅದರ ಮೂರರಲ್ಲಿ ಒಂದು ಪಾಲು ನಮ್ದು, ಅದು ಇನ್ನೂ ಬರ್ತಾನೇ ಇದೆ. ಮಳೆ ಎರಡೂ ಕಡೆ ಒಂದೇ ಅಲ್ವಾ ಮಾರಾಯಾ, ಲೈನಿನ ಮೇಲೆ ಹೇಳೋದು ಹ್ಯಾಗೆ?”

ಆ ಮಾತಿನ ನಂತರ ನಡೆದ ಶೋಧ ಕನ್ನಡ ಲಿಪಿಯ ಒಳಗೆ ಹೋಗಿ ನಿಂತಿತು. ಹಳೆಯ ಕೇಂದ್ರಗಳ ಕನ್ನಡ ಯೂನಿಕೋಡಿನಲ್ಲಿ ಇರಲಿಲ್ಲ. ಯೂನಿಕೋಡ್ ಎಂಬುದು ಜಗತ್ತಿನ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಒಂದು ಕಾಯಂ ಸಂಖ್ಯೆ ಕೊಡುವ ವ್ಯವಸ್ಥೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೂ ಅದರಲ್ಲಿ ಜಾಗ ಸಿಕ್ಕಿತ್ತಾದರೂ, ನಮ್ಮ ಕಚೇರಿಗಳು ಬಹುಕಾಲ ಫಾಂಟನ್ನು ನೆಚ್ಚಿದ ಬರವಣಿಗೆಯಲ್ಲೇ ನಡೆದವು. ಆ ಬರವಣಿಗೆಯಲ್ಲಿ ಗಣಕ ನೆನಪಿಡುವುದು ಅಕ್ಷರವನ್ನಲ್ಲ, ಅದರ ಆಕಾರದ ತುಣುಕುಗಳನ್ನು. ‘ತೀರ್ಥಹಳ್ಳಿ’ ಎಂಬಲ್ಲಿ ಅರ್ಕಾವತ್ತು ‘ಥ’ ಆದ ಮೇಲೆ ಬರುತ್ತದೆ, ಯೂನಿಕೋಡಿನಲ್ಲಾದರೋ ‘ರ್’ ಮೊದಲು, ‘ಥ’ ಆಮೇಲೆ. ಪರಿವರ್ತಕ ತಂತ್ರಾಂಶ ಇಂತಹ ಸ್ಥಾನಪಲ್ಲಟಗಳನ್ನೆಲ್ಲ ಸರಿಪಡಿಸುತ್ತಿತ್ತು, ಮತ್ತು ತೀರ್ಥಹಳ್ಳಿ, ಸಾಗರ, ಹೊಸನಗರ ಎಂಬ ಮೂರು ಹೆಸರುಗಳೂ ಅದರ ಕೈಯಲ್ಲಿ ತಪ್ಪಿಲ್ಲದೆ ಹೊರಬರುತ್ತಿದ್ದವು.

ರಿಪ್ಪನ್‌ಪೇಟೆಯ ಸಂಗತಿ ಬೇರೆ. ಯೂನಿಕೋಡಿನಲ್ಲಿ ‘ನ’, ಹಲಂತ, ‘ಪ’ ಇವು ಒಂದರ ಹಿಂದೆ ಒಂದು ಬಂದರೆ ‘ನ’ಕ್ಕೆ ‘ಪ’ ಒತ್ತಾಗಿ ಇಳಿದು ‘ರಿಪ್ಪನ್ಪೇಟೆ’ ಎಂದಾಗುತ್ತದೆ. ಒತ್ತಾಗದೆ ‘ನ್’ ಅರ್ಧಾಕ್ಷರವಾಗಿಯೇ ನಿಲ್ಲಬೇಕಾದರೆ ಹಲಂತಕ್ಕೂ ‘ಪ’ಕಾರಕ್ಕೂ ನಡುವೆ ಕಣ್ಣಿಗೆ ಕಾಣದ, ಅಗಲವಿಲ್ಲದ ಒಂದು ಚಿಹ್ನೆಯನ್ನು ಇಡಬೇಕು, ಎರಡು ಅಕ್ಷರಗಳನ್ನು ಕೂಡಗೊಡದೆ ಬೇರ್ಪಡಿಸುವುದೇ ಅದರ ಕೆಲಸ. ಜಿಲ್ಲಾ ಕೇಂದ್ರದ ಊರುಗಳ ಪಟ್ಟಿಯನ್ನು ಟೈಪು ಮಾಡಿದವರು ಅದನ್ನು ಸರಿಯಾಗಿಯೇ ಇಟ್ಟಿದ್ದರು. ಪರಿವರ್ತಕಕ್ಕೆ ಆ ಚಿಹ್ನೆಯ ಪರಿಚಯವೇ ಇರಲಿಲ್ಲ. ಡೇಟಾಬೇಸಿಗೆ ಉದ್ದ ಕೇಳಿದಾಗ ಪಟ್ಟಿಯಲ್ಲಿದ್ದ ಹೆಸರು 12 ಸಂಕೇತಗಳದ್ದು, 36 ಬೈಟು. ಸಾಲುಗಳಲ್ಲಿ ಬರುತ್ತಿದ್ದ ಹೆಸರು 11 ಸಂಕೇತಗಳದ್ದು, 33 ಬೈಟು. ಪೋಸ್ಟ್‌ಗ್ರೆಸ್ ಎರಡು ಹೆಸರುಗಳು ಒಂದೇ ಹೌದೋ ಅಲ್ಲವೋ ಎಂಬುದನ್ನು ಬೈಟು ಬೈಟನ್ನು ಹೋಲಿಸಿಯೇ ತೀರ್ಮಾನಿಸುವುದರಿಂದ, ಅದರ ಪಾಲಿಗೆ ಇವು ಎರಡು ಬೇರೆ ಬೇರೆ ಊರುಗಳು.

ಹೆಸರು ತಾಳೆಯಾಗದೆ ಹೋದಾಗ ಸಾಲನ್ನು ತಿರಸ್ಕರಿಸಿದ್ದರೆ ತಪ್ಪು ಮೊದಲ ದಿನವೇ ಸಿಕ್ಕುತ್ತಿತ್ತು. ಆದರೆ ಪ್ರೋಗ್ರಾಮಿನಲ್ಲಿ ಒಂದು ಸದುದ್ದೇಶದ ವ್ಯವಸ್ಥೆ ಇತ್ತು. ಕಾಗುಣಿತ ಅಲ್ಪಸ್ವಲ್ಪ ತಪ್ಪಿದ ಹೆಸರುಗಳೂ ಸರಿಯಾದ ಊರಿಗೆ ಸೇರಲಿ ಎಂದು, ತಾಳೆಯಾಗದ ಸಾಲನ್ನು ಕಟ್ಟಿನಿಂದ ಹೊರತೆಗೆದು, ಪಟ್ಟಿಯಲ್ಲಿದ್ದ ಸುಮಾರು 600 ಊರುಗಳ ಹೆಸರಿನೊಂದಿಗೆ ಒಂದೊಂದಾಗಿ ಹೋಲಿಸಿ, ಅತಿ ಹತ್ತಿರದ ಹೆಸರನ್ನು ಆರಿಸಿ, ಆ ಸಾಲನ್ನು ಒಂಟಿಯಾಗಿ ಕಳಿಸುತ್ತಿತ್ತು. ಹತ್ತಿರದ ಹೆಸರು ಯಾವಾಗಲೂ ರಿಪ್ಪನ್‌ಪೇಟೆಯೇ ಆಗಿರುತ್ತಿದ್ದುದರಿಂದ ಲೆಕ್ಕ ತಪ್ಪುತ್ತಿರಲಿಲ್ಲ. ಹೋಲಿಕೆಗೆ 30 ಮಿಲಿಸೆಕೆಂಡು, ಒಂಟಿ ಪ್ರಯಾಣಕ್ಕೆ 40, ಎರಡೂ ಸೇರಿ 70. ಅದನ್ನು 3 ಲಕ್ಷ ಸಾಲುಗಳಿಗೆ ಗುಣಿಸಿದರೆ 21,000 ಸೆಕೆಂಡು, ಐದು ಗಂಟೆ ಐವತ್ತು ನಿಮಿಷ. ವಹಿಯಲ್ಲಿದ್ದ ಆರು ಗಂಟೆ ಇದೇ. ಪ್ರತಿ ರಾತ್ರಿಯೂ ಆ ಗಣಕ ರಿಪ್ಪನ್‌ಪೇಟೆ ಎಂದರೆ ಯಾವ ಊರು ಎಂಬುದನ್ನು 3 ಲಕ್ಷ ಸಲ ಹೊಸದಾಗಿ ಹುಡುಕುತ್ತಿತ್ತು, ಹುಡುಕಿ ಸರಿಯಾದ ಉತ್ತರವನ್ನೇ ಕಂಡುಕೊಳ್ಳುತ್ತಿತ್ತು, ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ.

ತಿದ್ದುವುದಕ್ಕೆ ಹಿಡಿದ ಹಾದಿ ಸರಳವಾಗಿತ್ತು. ಸಾಲುಗಳು ಲಕ್ಷಗಟ್ಟಲೆ ಇದ್ದರೂ ಅವುಗಳಲ್ಲಿ ಬರುವ ಜಾಗದ ಹೆಸರುಗಳು ಕೆಲವು ನೂರು ಮಾತ್ರ. ಆ ಬಿಡಿ ಹೆಸರುಗಳನ್ನಷ್ಟೇ ಒಂದು ಸಲ ಪರಿವರ್ತಿಸಿ, ಕಾಗದದ ಮೇಲೆ ಮುದ್ರಿಸಿ, ಬಲ್ಲವರ ಕೈಯಲ್ಲಿ ಓದಿಸಿ, ಹಳೆಯ ಹೆಸರಿಗೆ ಹೊಸ ಹೆಸರು ಇದು ಎಂಬ ಜೋಡಿಪಟ್ಟಿಯನ್ನು ಇನ್ನೊಂದು ಕೋಷ್ಟಕವಾಗಿ ಇಟ್ಟರೆ ಸಾಗಣೆಯ ಹೊತ್ತಿನಲ್ಲಿ ಯಾವ ಹುಡುಕಾಟವೂ ಬೇಕಿಲ್ಲ. ಓದಿದವರು ಗುಮಾಸ್ತರೇ. ಕೆಂಪು ಶಾಯಿಯ ಪೆನ್ನು ಹಿಡಿದು ಎರಡು ದಿನ ಕೂತ ಅವರು ಪರಿವರ್ತಕದ ತಪ್ಪುಗಳ ಜೊತೆಗೆ ಯಾವ ತಂತ್ರಾಂಶಕ್ಕೂ ತಿಳಿಯದ ಸಂಗತಿಗಳನ್ನೂ ಗುರುತು ಹಾಕಿದರು. ಹುಂಚವೂ ಹೊಂಬುಜವೂ ಒಂದೇ. ಆನಂದಪುರ, ಆನಂದಪುರಂ ಎರಡೂ ಒಂದೇ. ಅವರ ಸ್ವಂತ ಊರೇ ಪಟ್ಟಿಯಲ್ಲಿ ನಾಲ್ಕು ರೂಪದಲ್ಲಿ ಸಿಕ್ಕಿತು: ನಡುವೆ ಜಾಗ ಬಿಟ್ಟದ್ದು ಒಂದು, ‘ಪ’ಕ್ಕೆ ಒತ್ತಿಲ್ಲದ ‘ರಿಪನ್’ ಒಂದು, ‘ನ’ಕ್ಕೆ ‘ಪ’ ಒತ್ತಾಗಿ ಇಳಿದದ್ದು ಒಂದು, ಸರಿಯಾದದ್ದು ಒಂದು. ಮೂರನೆಯದನ್ನು ಅವರು ಬಹಳ ಹೊತ್ತು ನೋಡಿದರು, ಗಟ್ಟಿಯಾಗಿ ಒಮ್ಮೆ ಉಚ್ಚರಿಸಿಯೂ ನೋಡಿದರು, ಆಮೇಲೆ ಎರಡು ಸಲ ಗೆರೆ ಎಳೆದು ಹೊಡೆದುಹಾಕಿದರು.

ಅದರ ಮರುದಿನದ ಸಾಗಣೆ ಸಂಜೆ 7 ಗಂಟೆ 5 ನಿಮಿಷಕ್ಕೆ ಶುರುವಾಗಿ 7 ಗಂಟೆ 19 ನಿಮಿಷಕ್ಕೆ ಮುಗಿಯಿತು. ಸಾಲುಗಳ ಸಂಖ್ಯೆ ಎರಡೂ ಕಡೆ ಒಂದೇ ಇತ್ತು, ವರ್ಗವಾರು ಮಾಡಿದ ತೂಕದ ಮೊತ್ತವೂ ಕೈಬರಹದ ಲೆಕ್ಕಕ್ಕೆ ತಾಳೆಯಾಯಿತು. ಹೊರಗೆ ಮಳೆ ಬೆಳಗಿನಿಂದಲೂ ಬಿಟ್ಟಿರಲಿಲ್ಲ, ಲೈನೂ ಹಿಂದಿನ ದಿನದ್ದೇ. ಗುಮಾಸ್ತರು ವಹಿ ತೆರೆದು ದಿನಾಂಕ, ಕೇಂದ್ರ, ಸಾಲು, ಹೊತ್ತು ಎಲ್ಲವನ್ನೂ ಎಂದಿನಂತೆ ತುಂಬಿದರು, ಷರಾ ಕಾಲಂಗೆ ಬಂದಾಗ ಸ್ವಲ್ಪ ತಡೆದು, ‘ಊರಿನ ಹೆಸರು ತಿದ್ದಿದೆ’ ಎಂದು ಬರೆದರು.